ನೆಲ್ಲು ಕಬ್ಬಿಣವನ್ನು ಹೇಗೆ ತಿನ್ನುತ್ತೆ?

ಪ್ರಶ್ನೆ: ಕಾರಟಗಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ನೆಲ್ಲು ಇಳಿಯುವ ಪೈಪಿನ ಬೆಂಡು ಪದೇ ಪದೇ ತೂತು ಬೀಳುತ್ತದೆ. ಉಗುರಲ್ಲಿ ಸುಲಿಯುವ ಕಾಳು ಕಬ್ಬಿಣವನ್ನು ಹೇಗೆ ಸವೆಸುತ್ತೆ? ತಗಡೇ ಕಳಪೆ ಇರಬಹುದಾ?

ಉತ್ತರ: ತಗಡು ಒಳ್ಳೆಯದೇ ಇದ್ದರೂ ಆ ಜಾಗ ಸವೆಯುತ್ತದೆ. ಕಾರಣ ನೆಲ್ಲಿನ ಹೊಟ್ಟಿನಲ್ಲಿದೆ.

ಗದ್ದೆಯ ನೀರಿನಲ್ಲಿ ಮಣ್ಣಿನ ಸಿಲಿಕಾ ಸ್ವಲ್ಪ ಕರಗಿರುತ್ತದೆ. ಮರಳು, ಗಾಜು ಎಲ್ಲ ಮುಖ್ಯವಾಗಿ ಇದೇ ಸಿಲಿಕಾ. ಭತ್ತದ ಬೇರು ಅದನ್ನು ಹೆಚ್ಚಿನ ಬೆಳೆಗಳಿಗಿಂತ ಜಾಸ್ತಿ ಹೀರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸಿಲಿಕಾ ಎಲೆ ಮತ್ತು ಹೊಟ್ಟಿನಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ನೆಲ್ಲಿನ ಎಲೆ ಸವರಿದರೆ ಕೈ ಗೀರುತ್ತದಲ್ವಾ, ಅದೂ ಇದರಿಂದಲೇ. ಹಸಿರು ಗಿಡವೊಂದು ಬರೀ ನೀರಿನಿಂದ ಗಾಜಿನಂಥ ಅಂಗಿ ಹೊಲಿದುಕೊಳ್ಳುವುದು ನನಗೆ ಇವತ್ತಿಗೂ ಬೆರಗು.

ಒಂದು ಕಾಳನ್ನು ಭೂತಗನ್ನಡಿಯಲ್ಲಿ ನೋಡಿ. ಉದ್ದಕ್ಕೂ ಸಾಲು ಸಾಲು ಸಣ್ಣ ಉಬ್ಬುಗಳು, ನಡುನಡುವೆ ಚೂಪು ರೋಮ. ಸಿಲಿಕಾ ಜಾಸ್ತಿ ಸೇರಿರುವುದು ಈ ಹೊರಮೈಯಲ್ಲೇ. ಹೊಟ್ಟನ್ನು ಪೂರ್ತಿ ಸುಟ್ಟರೆ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಸಾಮಾನ್ಯವಾಗಿ ಶೇ. 85ಕ್ಕೂ ಜಾಸ್ತಿ ಸಿಲಿಕಾ. ಅದು ಮಾಮೂಲಿ ತಗಡಿಗಿಂತ ಗಡಸು. ಅಂದರೆ ಕಾಳು ಮೆತ್ತಗಿದ್ದರೂ ಅದರ ಮೈ ಅರದ ಹಾಗಿದೆ. ಒಂದು ಕಾಳು ಕಣ್ಣಿಗೆ ಕಾಣದಷ್ಟು ಕೆರೆಯುತ್ತದೆ, ಆದರೆ ಹರಿಯುವುದು ಲೋಡುಗಟ್ಟಲೆ. ರಸ್ತೆ ಮೇಲೆ ಒಣಗಿಸಿದ ನೆಲ್ಲಾದರೆ ಜೊತೆಗೆ ಮರಳೂ ಬರುತ್ತದೆ. ಅದು ಇನ್ನೂ ಗಡಸು, ಹಾಗಾಗಿ ಕ್ಲೀನರ್ ಜಾಲರಿ ಹರಿದಿದ್ದರೆ ಮೊದಲು ಬದಲಾಯಿಸಿ.

ಬೆಂಡೇ ಯಾಕೆ ಮೊದಲು ಹೋಗುತ್ತೆ? ನೆಟ್ಟಗಿನ ಪೈಪಿನಲ್ಲಿ ಕಾಳು ಸುಮ್ನೆ ಸವರಿಕೊಂಡು ಇಳಿಯುತ್ತದೆ. ಬೆಂಡಿನಲ್ಲಿ ಎಲ್ಲ ಕಾಳೂ ಹೊರಗಿನ ಒಂದೇ ಮಗ್ಗುಲಿಗೆ ಬಡಿಯುತ್ತದೆ, ಅದೂ ಓರೆಯಾಗಿ. ಉಳಿಯನ್ನು ನೆಟ್ಟಗೆ ಹೊಡೆದರೆ ಗುಳಿ ಬೀಳುತ್ತದೆ, ಓರೆ ಹಿಡಿದರೆ ಚಕ್ಕೆ ಏಳುತ್ತದೆ. ಮೆದು ಉಕ್ಕು ಹೀಗೆ 20-30 ಡಿಗ್ರಿ ಓರೆಯ ಹೊಡೆತಕ್ಕೇ ಜಾಸ್ತಿ ಸವೆಯುವುದು. ವೇಗವೂ ಮುಖ್ಯ. ಕಾಳಿನ ವೇಗ ಎರಡು ಪಟ್ಟಾದರೆ ಇಂಥ ಸವೆತ ನಾಲ್ಕು ಪಟ್ಟು ಅಥವಾ ಅದಕ್ಕೂ ಜಾಸ್ತಿ ಆಗುತ್ತದೆ. ಬೀಳುವ ಎತ್ತರ ಕಡಿಮೆ ಮಾಡಿದರೆ ಬೆಂಡು ಎಷ್ಟೋ ದಿನ ಹೆಚ್ಚು ಬಾಳುತ್ತದೆ.

ನೆಲ್ಲು ನೇರ ಬಂದು ಬಡಿಯುವ ಕಡೆ ದಪ್ಪ ರಬ್ಬರ್ ಶೀಟು ಹಾಕಿ. ಅದು ಒತ್ತಿಕೊಂಡು ಏಟು ತಾಳುತ್ತದೆ. ಜಾರುವ ಕಡೆ ಗಡಸು ಪ್ಲೇಟೇ ಸರಿ. ನನಗೆ ಎಲ್ಲಕ್ಕಿಂತ ಹಿಡಿಸುವ ಉಪಾಯ ಬೇರೆ: ಬೆಂಡಿನ ಬದಲು ಒಂದು ಚೌಕದ ಪೆಟ್ಟಿಗೆ ವೆಲ್ಡ್ ಮಾಡಿಸಿ. ಅದರ ಮೂಲೆಯಲ್ಲಿ ಒಂದಿಷ್ಟು ನೆಲ್ಲು ಯಾವಾಗಲೂ ನಿಂತಿರುತ್ತದೆ. ಮೇಲಿಂದ ಬೀಳುವ ನೆಲ್ಲು ಆ ನೆಲ್ಲಿಗೇ ತಿಕ್ಕುತ್ತದೆ, ತಗಡಿಗೆ ತಾಕುವುದೇ ಕಡಿಮೆ. ಪೆಟ್ಟಿಗೆಗೆ ಸಣ್ಣ ಬಾಗಿಲು ಇಡಿಸುವುದನ್ನು ಮರೆಯಬೇಡಿ. ನಿಂತ ನೆಲ್ಲಿಗೆ ಹುಳ ಬೀಳುತ್ತದೆ, ತಳಿ ಬದಲಾಯಿಸುವಾಗ ಹಳೆಯದು ಸೋನಾ ಮಸೂರಿಯಲ್ಲಿ ಬೆರೆಯುತ್ತದೆ.