ಬ್ಯಾಗು ಅದೇ ಕೋಣೆಯಲ್ಲಿತ್ತು

ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದಾಗ ಎಲ್ಲರ ಬಾಯಲ್ಲೂ ಮೊದಲು ಬರುವುದು ‘ಯಾಕೆ ಹೀಗೆ ಮಾಡಿದ?’ ಎಂಬ ಪ್ರಶ್ನೆ. ಅಮೆರಿಕದ ಕೊಲಂಬೈನ್ ಹೈಸ್ಕೂಲಿನ ದಾಳಿಯ (1999) ನಂತರ ವಿಡಿಯೊ ಗೇಮ್, ರಾಕ್ ಸಂಗೀತ, ಕಪ್ಪು ಕೋಟು ಎಲ್ಲವೂ ಕಟಕಟೆ ಹತ್ತಿ ಇಳಿದವು. ಆದರೆ ದಾಳಿಕೋರರಲ್ಲೊಬ್ಬ ವೆಬ್‌ಸೈಟಿನಲ್ಲಿ ಬೆದರಿಕೆ ಬರೆದಿದ್ದಾನೆಂದು ಹಿಂದಿನ ವರ್ಷವೇ ಷೆರಿಫ್ (ಸ್ಥಳೀಯ ಪೊಲೀಸ್) ಕಚೇರಿಗೆ ದೂರು ಹೋಗಿತ್ತು. ಅವನ ಮನೆ ಶೋಧಿಸಲು ವಾರಂಟ್ ಕೋರುವ ಕರಡೂ ಸಿದ್ಧವಾಗಿತ್ತು. ಅದು ನ್ಯಾಯಾಧೀಶರ ಮೇಜಿಗೆ ಹೋಗಲೇ ಇಲ್ಲ. ಕಪ್ಪು ಕೋಟಿಗಿಂತ ನೂರು ಪಾಲು ಮುಖ್ಯವಾದದ್ದು ಆ ಕರಡು.

ಅಮೆರಿಕದ ಅಧ್ಯಕ್ಷರಿಗೆ ಭದ್ರತೆ ಕೊಡುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಶಾಲೆಗಳ ಮೇಲಿನ 37 ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟವು. ದಾಳಿಕೋರ ಇಂಥವನೇ ಎನ್ನುವ ಅಚ್ಚು ಸಿಗಲಿಲ್ಲ. ಒಳ್ಳೆಯ ಅಂಕ ತೆಗೆಯುವವರೂ ಇದ್ದರು, ಫೇಲಾಗುತ್ತಿದ್ದವರೂ ಇದ್ದರು. ಆದರೆ ಶೇ 81ರಷ್ಟು ಪ್ರಕರಣಗಳಲ್ಲಿ ಒಬ್ಬರಿಗಾದರೂ ವಿಷಯ ಮೊದಲೇ ಗೊತ್ತಿತ್ತು, ಹೆಚ್ಚಾಗಿ ಓರಗೆಯ ಹುಡುಗರಿಗೆ. ಶೇ 78ರಷ್ಟು ದಾಳಿಕೋರರಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ಯತ್ನದ ಹಿನ್ನೆಲೆಯಿತ್ತು. ಗುರಿಯಾದವರಿಗೇ ನೇರವಾಗಿ ಬೆದರಿಕೆ ಹಾಕಿದವರು ಕಡಿಮೆ. ಹಾಗಾಗಿ ‘ಬೆದರಿಕೆ ಹಾಕಿದ್ದಾನೆಯೇ?’ ಎಂದು ಕೇಳಿ ಫೈಲು ಮುಚ್ಚುವುದು ದೊಡ್ಡ ತಪ್ಪು.

ಮಿಷಿಗನ್ನಿನ ಆಕ್ಸ್‌ಫರ್ಡ್ ಹೈಸ್ಕೂಲನ್ನೇ ನೋಡಿ. 2021ರ ನವೆಂಬರ್ 29ರಂದು 15 ವರ್ಷದ ಹುಡುಗನೊಬ್ಬ ತರಗತಿಯಲ್ಲಿ ಕೂತು ಫೋನಿನಲ್ಲಿ ಗುಂಡುಗಳನ್ನು ಹುಡುಕುತ್ತಿದ್ದದ್ದು ಶಿಕ್ಷಕಿಯ ಕಣ್ಣಿಗೆ ಬಿತ್ತು. ತಾಯಿಗೆ ವಾಯ್ಸ್‌ಮೇಲ್ ಹೋಯಿತು. ಮರುದಿನ ಬೆಳಿಗ್ಗೆ ಅವನ ಗಣಿತದ ಹಾಳೆಯ ಮೇಲೆ ಪಿಸ್ತೂಲಿನ ಚಿತ್ರ, ‘ಎಲ್ಲೆಲ್ಲೂ ರಕ್ತ’, ‘ಯೋಚನೆಗಳು ನಿಲ್ಲುತ್ತಿಲ್ಲ, ಸಹಾಯ ಮಾಡಿ’ ಎಂಬ ಬರಹ. ಶಾಲೆಯವರು ತಂದೆ ತಾಯಿಯನ್ನು ಕರೆಸಿದರು. 48 ಗಂಟೆಯೊಳಗೆ ಆಪ್ತಸಮಾಲೋಚನೆ ಕೊಡಿಸಿ ಎಂದರು. ಇಬ್ಬರೂ ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಅವನ ಬ್ಯಾಗು ಮಾತುಕತೆ ನಡೆದ ಅದೇ ಕೋಣೆಯಲ್ಲಿತ್ತು, ಯಾರೂ ತೆರೆಯಲಿಲ್ಲ. ನಾಲ್ಕು ದಿನದ ಹಿಂದೆ ತಂದೆ ಕೊಂಡ 9 ಎಂಎಂ ಪಿಸ್ತೂಲು ಅದರೊಳಗಿತ್ತು. ಮಧ್ಯಾಹ್ನ ಅವನು ಹಾರಿಸಿದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು, ಮೂವರು ಅಂದೇ, ಒಬ್ಬ ಮರುದಿನ.

ಶಾಲೆಯವರು ಹಾಳೆಯನ್ನು ಆತ್ಮಹತ್ಯೆಯ ಸುಳಿವು ಎಂದು ಓದಿದ್ದು ತಪ್ಪಲ್ಲ. ಅದು ಅರ್ಧ ಓದು. ಸಾಯಬೇಕೆನ್ನುವವನು ಕೊಲ್ಲಲಾರ ಎಂಬ ನಂಬಿಕೆಯನ್ನು ಮೇಲಿನ ಶೇ 78 ಸುಳ್ಳು ಮಾಡುತ್ತದೆ. ಇನ್ನೊಂದು ಎಡವಟ್ಟು: ಶಿಸ್ತು ನೋಡುವವರು ನಿಯಮ ಮುರಿದಿದ್ದಾನೆಯೇ ಎಂದು ನೋಡುತ್ತಾರೆ, ಕೌನ್ಸೆಲರ್ ದುಃಖ ನೋಡುತ್ತಾರೆ. ನಿನ್ನೆಯ ಫೋನು, ಇವತ್ತಿನ ಹಾಳೆ ಎರಡನ್ನೂ ಒಟ್ಟಿಗಿಟ್ಟು ಅಳೆಯುವವರು ಬೇಕು. ಇಂಥ ಅಪಾಯ ಅಳೆಯಲೆಂದು ಶಾಲೆ ಕಟ್ಟುವ ಬೆದರಿಕೆ ಮೌಲ್ಯಮಾಪನ ತಂಡದಲ್ಲಿ ಆಡಳಿತ, ಕೌನ್ಸೆಲಿಂಗ್, ಪೊಲೀಸ್ ಮೂರೂ ಇರಬೇಕೆನ್ನುವುದು ಇದಕ್ಕೇ.

ಇಂಥ ಹಾಳೆ ಕೈಗೆ ಬಂದರೆ ಮೊದಲು ಹುಡುಗನನ್ನು ಒಂಟಿಯಾಗಿ ಬಿಡದೆ, ಬ್ಯಾಗು, ಲಾಕರ್ ನೋಡಬೇಕು. ಆಮೇಲೆ ಅವನು, ಗೆಳೆಯರು, ಶಿಕ್ಷಕರು, ಪೋಷಕರು, ಎಲ್ಲರನ್ನೂ ಬೇರೆಬೇರೆಯಾಗಿ ಮಾತಾಡಿಸಬೇಕು. ಕಾರಣ ಹುಡುಕುತ್ತ ಕೂರಬೇಡಿ. ಯೋಜನೆ ಎಷ್ಟು ಮುಂದೆ ಹೋಗಿದೆ, ಆಯುಧ ಕೈಗೆ ಎಟಕುತ್ತದೆಯೇ ಎಂದು ಕೇಳಿ. ಸಸ್ಪೆಂಡ್ ಮಾಡಿ ಕಳಿಸಿ ಕೈತೊಳೆದುಕೊಂಡರೆ, ಅವನು ಹೋಗುವುದು ಬಂದೂಕಿರುವ ಮನೆಗೇ ಇರಬಹುದು.

‘ಮನೆಯಲ್ಲಿ ಗನ್ ಇದೆಯೇ?’ ಎಂದಷ್ಟೇ ಕೇಳಿದರೂ ಸಾಲದು. ಎಲ್ಲಿದೆ, ಬೀಗ ಹಾಕಿದೆಯೇ, ಕೀಲಿ ಯಾರ ಬಳಿ, ಈಗಲೇ ಹೋಗಿ ನೋಡಿ ಹೇಳುತ್ತೀರಾ? ಆಕ್ಸ್‌ಫರ್ಡ್ ಪ್ರಕರಣದಲ್ಲಿ ತಂದೆ ತಾಯಿ ಇಬ್ಬರಿಗೂ 2024ರಲ್ಲಿ ಶಿಕ್ಷೆಯಾಯಿತು. ಪಿಸ್ತೂಲಿನ ಜತೆ ಬಂದಿದ್ದ ಕೇಬಲ್ ಬೀಗ ಪ್ಯಾಕೆಟ್ಟಿನಿಂದ ಹೊರಗೇ ಬಂದಿರಲಿಲ್ಲ.