ಸೀಲ್ ಮಾಡಿದ ಡಬ್ಬಿಯೂ ಉಸಿರಾಡುತ್ತದೆ

ಟ್ಯಾಂಕು ತುಂಬಿದ್ದನ್ನು ತಿಳಿಸುವ ಸರ್ಕ್ಯೂಟು, ಮಳೆ ಅಳೆದು ಮೊಬೈಲಿಗೆ ಕಳಿಸುವ ಮಾಪಕ, ಅಡಿಕೆ ಬುಡದ ತೇವ ನೋಡುವ ಸೆನ್ಸರು. ಮಲೆನಾಡು, ಕರಾವಳಿಯ ತೋಟಗಳಲ್ಲಿ ಇಂಥವನ್ನು ಮನೆಯಲ್ಲೇ ಜೋಡಿಸಿಕೊಂಡವರು ಈಗ ಸಿಗುತ್ತಾರೆ. ಕೆಲವು ನೂರು ರೂಪಾಯಿಯ ಇಎಸ್‌ಪಿ32 ಎಂಬ ವೈ-ಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು, ಒಂದು ಪಿವಿಸಿ ಜಂಕ್ಷನ್ ಬಾಕ್ಸು, ಒಂದು ಟ್ಯೂಬು ಸಿಲಿಕೋನ್ ಇದ್ದರೆ ಕೆಲಸ ಶುರು. ಬೇಸಿಗೆಯಿಡೀ ಚೆನ್ನಾಗಿ ಓಡುತ್ತದೆ. ಜೋರು ಮಳೆಯ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಒಂದು ದಿನ ಸುಮ್ಮನಾಗುತ್ತದೆ. ಬಿಚ್ಚಿದರೆ ಮುಚ್ಚಳದ ಒಳಮೈ ತುಂಬ ಹನಿ, ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಎಲ್ಲ ಸಂದುಗಳಿಗೂ ಸಿಲಿಕೋನ್ ಮೆತ್ತಿತ್ತಲ್ಲ, ನೀರು ಬಂದದ್ದೆಲ್ಲಿಂದ?

ಡಬ್ಬಿ ತಾನೇ ಎಳೆದುಕೊಂಡಿತು. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಗಾಳಿ ಹಿಡಿಯುವ ಡಬ್ಬಿ ಬಿಸಿಲಿಗೆ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ. ಒಳಗಿನ ಗಾಳಿ ಹಿಗ್ಗಿ, ಕಣ್ಣಿಗೆ ಕಾಣದ ಸಂದುಗಳಿಂದ ಒಂದಷ್ಟು ಹೊರಗೆ ಹೋಗಿದೆ. ಅಷ್ಟರಲ್ಲಿ ಮೋಡ ಕವಿದು ಧೋ ಎಂದು ಮಳೆ. ಡಬ್ಬಿ ಬೇಗ ಬೇಗ 25 ಡಿಗ್ರಿಗೆ ತಣಿಯುತ್ತದೆ. ಹೊರಗಿನ ಗಾಳಿ ಕೂಡಲೇ ಒಳಬಾರದಿದ್ದರೆ ಒಳಗಿನ ಒತ್ತಡ ಸುಮಾರು ಶೇಕಡಾ 8ರಷ್ಟು ಕುಸಿಯುತ್ತದೆ. ಡಬ್ಬಿಯನ್ನು 80 ಸೆಂಟಿಮೀಟರ್ ಆಳದ ನೀರಿನಲ್ಲಿ ಮುಳುಗಿಸಿದರೆ ಅದರ ಸಂದುಗಳ ಮೇಲೆ ಬೀಳುವುದೂ ಇಷ್ಟೇ ಒತ್ತಡ. ಇದೆಲ್ಲ ನಡೆಯುವುದು ಹೊರಮೈ ಪೂರ್ತಿ ಒದ್ದೆಯಾಗಿರುವಾಗ. ಒಳಗೆ ಖಾಲಿಯಾದ ಸುಮಾರು 80 ಮಿಲಿಲೀಟರ್ ಜಾಗ ತುಂಬಲು ಗಾಳಿಗೆ ದಾರಿಯಿಲ್ಲದಿದ್ದರೆ ಸಂದಿನಲ್ಲಿ ನಿಂತ ನೀರೇ ಒಳಗೆ ಹೋಗುತ್ತದೆ.

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳಲು ಡಬ್ಬಿಯ ಮೇಲೆ ಐಪಿ65, ಐಪಿ67 ಎಂದು ಬರೆದಿರುತ್ತದೆ. ಮೊದಲನೆಯದು ನೀರು ಚಿಮ್ಮಿಸಿ ಮಾಡುವ ಪರೀಕ್ಷೆ, ಎರಡನೆಯದು ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಡುವ ಪರೀಕ್ಷೆ. ನಾಲ್ಕು ತಿಂಗಳು ಕಾದು, ತಣಿದು, ಮತ್ತೆ ಕಾಯುವ ಪರೀಕ್ಷೆ ಇವುಗಳಲ್ಲಿ ಇಲ್ಲ. ವೈರಿಗೆಂದು ನಾವೇ ಡ್ರಿಲ್ ಹೊಡೆದ ಮೇಲಂತೂ ಆ ಅಂಕಿಗೆ ಬೆಲೆಯೇ ಇಲ್ಲ.

ಆವಿಯ ಕಥೆ ಬೇರೆ. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಲೀಟರ್ ಗಾಳಿಯಲ್ಲಿರುವುದು ಸುಮಾರು 23 ಮಿಲಿಗ್ರಾಂ ನೀರು, ಒಂದು ಹನಿಯ ಅರ್ಧ. ಆದರೆ ಬಯಲಲ್ಲಿಟ್ಟ ಡಬ್ಬಿಯ ಮುಚ್ಚಳ ರಾತ್ರಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ, ಆವಿ ಅಲ್ಲೇ ಇಬ್ಬನಿಯಾಗುತ್ತದೆ. ಡಬ್ಬಿಯ ಮೇಲೆ ಒಂದು ತಗಡೋ ಹಂಚೋ ನಾಲ್ಕು ಬೆರಳು ಎತ್ತರಕ್ಕೆ ಇಟ್ಟರೆ ಹಗಲಿನ ಕಾವೂ ರಾತ್ರಿಯ ಇಬ್ಬನಿಯೂ ಕಡಿಮೆಯಾಗುತ್ತವೆ. ದುಬಾರಿ ಡಬ್ಬಿಗಿಂತ ಈ ಮಾಡಿಗೆ ನನ್ನ ಓಟು. ಇನ್ನೊಂದು ತಮಾಷೆ: ಸದಾ ಚಾಲೂ ಇರುವ ಬೋರ್ಡು ತನ್ನ ಬಿಸಿಗೇ ತುಸು ಬೆಚ್ಚಗಿದ್ದು ಒಣಗಿರುತ್ತದೆ. ಬ್ಯಾಟರಿ ಉಳಿಸಲು ನಿದ್ದೆ ಮಾಡಿಸಿದ ಬೋರ್ಡೇ ಬೇಗ ಒದ್ದೆಯಾಗುತ್ತದೆ.

ಅರ್ಧ ಹನಿಯಿಂದ ಏನಾಗುತ್ತದೆ? ಶುದ್ಧ ನೀರು ವಿದ್ಯುತ್ತನ್ನು ಸರಿಯಾಗಿ ಹರಿಸುವುದೇ ಇಲ್ಲ. ತೊಂದರೆ ಕೊಡುವುದು ಬೋರ್ಡಿನ ಮೇಲೆ ಮೊದಲೇ ಕೂತಿರುವ ಕೊಳೆ: ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚಿ ಉಳಿದ ಫ್ಲಕ್ಸು, ಬೆರಳಿನ ಬೆವರಿನ ಉಪ್ಪು. ಇವು ತೆಳು ನೀರಿನ ಪದರದಲ್ಲಿ ಕರಗಿದರೆ, 3.3 ವೋಲ್ಟಿನಷ್ಟು ಸಣ್ಣ ವಿದ್ಯುತ್ತಿಗೂ ಧನ ತುದಿಯ ಲೋಹ ಅಯಾನುಗಳಾಗಿ ಕರಗಿ, ಋಣ ತುದಿಗೆ ಹೋಗಿ ಮತ್ತೆ ಲೋಹವಾಗಿ ಕೂರುತ್ತದೆ. ಭೂತಗನ್ನಡಿ ಹಿಡಿದರೆ ಎರಡು ಪಿನ್ನುಗಳ ನಡುವೆ ಜರಿ ಎಲೆಯಂತೆ ಕವಲೊಡೆದ ಲೋಹದ ಎಳೆಗಳು ಕಾಣಬಹುದು. ಒಂದು ಎಳೆ ಆಚೆ ಪಿನ್ನು ಮುಟ್ಟಿದರೆ ಶಾರ್ಟು. ಅದು ಸುಟ್ಟುಹೋದರೆ ಬೋರ್ಡು ಮತ್ತೆ ಎದ್ದು ಕೂರುತ್ತದೆ. ಇವತ್ತು ಓಡಿ ನಾಳೆ ನಿಲ್ಲುವ ಕಾಯಿಲೆಗೆ ಇದೂ ಒಂದು ಕಾರಣ. ಕಡಲ ತೀರದಲ್ಲಿ ಇಬ್ಬನಿಗೆ ಕಾಯುವುದೂ ಬೇಡ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ಅಕ್ರಿಲಿಕ್ ಲೇಪನ ಹೊಡೆಯಬೇಕು. ಬಣ್ಣವಿಲ್ಲದ ಉಗುರು ಪಾಲಿಶೂ ಒಂದೆರಡು ಮಳೆಗಾಲಕ್ಕೆ ನಡೆಯುತ್ತದೆ. ಕೊಳೆಯ ಮೇಲೆಯೇ ಲೇಪಿಸಿದರೆ ಉಪ್ಪನ್ನು ಒಳಗೆ ಕೂಡಿಹಾಕಿದಂತೆ. ಸಿಲಿಕೋನ್ ಕೊಳ್ಳುವಾಗ ಮೂಸಿ ನೋಡಿ: ಹುಳಿ, ವಿನೆಗರ್ ವಾಸನೆ ಬಂದರೆ ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ, ಮುಚ್ಚಿದ ಡಬ್ಬಿಯಲ್ಲಿ ತಾಮ್ರವನ್ನೇ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ.

ಉಳಿದದ್ದು ಒತ್ತಡದ ಪ್ರಶ್ನೆ. ಎಳೆಯುವುದನ್ನು ತಡೆಯಲಾಗದಿದ್ದರೆ ಗಾಳಿಗೇ ದಾರಿ ಕೊಡಬೇಕು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಫಕ್ಕನೆ ಎಳೆದಾಗ ಅತಿ ಸೂಕ್ಷ್ಮ ರಂಧ್ರಗಳ ಹಾಳೆಯಾಯಿತು. ಗಾಳಿ, ಆವಿ ಅದರಲ್ಲಿ ದಾಟುತ್ತವೆ. ಹನಿ ಮೇಲ್ಮೈ ಎಳೆತದಿಂದಾಗಿ ಹೊರಗೇ ಉಳಿಯುತ್ತದೆ. ಈ ಹಾಳೆ ಕೂರಿಸಿದ ವೆಂಟ್ ಪ್ಲಗ್ಗುಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಸಿಗದಿದ್ದರೆ ಡಬ್ಬಿಯ ತಳದಲ್ಲಿ ಐದು ಮಿಲಿಮೀಟರಿನ ಒಂದು ತೂತು ಸಾಕು. ತೀರ ಸಣ್ಣದಾದರೆ ಹನಿ ಅದರಲ್ಲೇ ಸಿಕ್ಕಿಕೊಂಡು ಬಾಗಿಲು ಮುಚ್ಚುತ್ತದೆ. ತೂತಿಗೆ ಸ್ಟೀಲ್ ಜಾಲರಿ ಮರೆಯಬೇಡಿ, ಇರುವೆಗಳಿಗೆ ಬೆಚ್ಚಗಿನ ಬೋರ್ಡು ಬಹಳ ಇಷ್ಟ.

ವೈರುಗಳೂ ಕೆಳಗಿನಿಂದಲೇ ಬರಬೇಕು, ಡಬ್ಬಿಗಿಂತ ತಗ್ಗಿಗೆ ಜೋತು ಬಿದ್ದು ಮೇಲೇರಬೇಕು. ಆಗ ವೈರಿನ ಗುಂಟ ಬಂದ ನೀರು ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಎಳೆ ವೈರಿನ ತುದಿ ಹೊರಗೆ ತೆರೆದಿದ್ದರೆ ಇನ್ಸುಲೇಶನ್ ಒಳಗಿನಿಂದಲೇ ನೀರು ಏರಿ ಬರುವುದುಂಟು, ಅದನ್ನೂ ಮುಚ್ಚಬೇಕು. 230 ವೋಲ್ಟಿನ ರಿಲೇ, ಸ್ಟಾರ್ಟರು ಬೇರೆಯೇ ಡಬ್ಬಿಯಲ್ಲಿರಲಿ, ಅದನ್ನು ಗೊತ್ತಿದ್ದವರೇ ಮಾಡಲಿ.

ಸಿಲಿಕಾ ಜೆಲ್ ಪೊಟ್ಟಣಕ್ಕೆ ಹೆಚ್ಚು ಭರವಸೆ ಬೇಡ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹೀರಿದರೆ ಅದರ ಕೆಲಸ ಮುಗಿಯಿತು, ತೂತಿರುವ ಡಬ್ಬಿಯಲ್ಲಂತೂ ಅದಕ್ಕೆ ಬಹಳ ದಿನ ಬೇಕಿಲ್ಲ. ಅದರ ಬದಲು ಒಳಗೊಂದು ತೇವಾಂಶ ಸೆನ್ಸರು ಇಟ್ಟು, ಮಳೆಯ ಅಂಕಿಯ ಜೊತೆ ಡಬ್ಬಿಯೊಳಗಿನ ತೇವವೂ ಮೊಬೈಲಿಗೆ ಬರುವಂತೆ ಮಾಡಿಕೊಳ್ಳಿ. ಒಣಹವೆಯ ದಿನಗಳಲ್ಲೂ ಅದು ಇಳಿಯದಿದ್ದರೆ ಎಲ್ಲೋ ನೀರು ನಿಂತಿದೆ ಎಂದು ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಆ ಸೆನ್ಸರಿಗೆ ಮಾತ್ರ ಉಗುರು ಪಾಲಿಶು ತಾಗಿಸಬೇಡಿ.