ಹತ್ತು ಸಲ ‘ಹೌದು’ ಬಂದರೂ ಊಹೆ ತಪ್ಪಿರಬಹುದು

2, 4, 6. ಈ ಮೂರು ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದು ಒಂಬತ್ತು-ಹತ್ತು ವರ್ಷದ ಮಗುವಿನ ಮುಂದಿಡಿ. “ಇವು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಒಪ್ಪುತ್ತವೆ. ನೀನೂ ಮೂರು ಮೂರು ಸಂಖ್ಯೆ ಹೇಳ್ತಾ ಹೋಗು. ಒಪ್ಪಿದರೆ ಹೌದು, ಒಪ್ಪದಿದ್ದರೆ ಇಲ್ಲ ಅಂತೀನಿ. ಖಾತ್ರಿಯಾದಾಗ ನಿಯಮ ಹೇಳು” ಎನ್ನಿ. ನಿಮ್ಮ ನಿಯಮ ತೀರಾ ಸರಳ: ಪ್ರತಿ ಸಂಖ್ಯೆಯೂ ಹಿಂದಿನದಕ್ಕಿಂತ ದೊಡ್ಡದಿರಬೇಕು, ಅಷ್ಟೇ.

ಮಗು 8, 10, 12 ಎನ್ನುತ್ತದೆ. ಹೌದು. 20, 22, 24. ಹೌದು. “ಎರಡೆರಡು ಕೂಡಿಸೋದು!” ಎಂದುಬಿಡುತ್ತದೆ. ದೊಡ್ಡವರೂ ಇಲ್ಲೇ ಎಡವುತ್ತಾರೆ. ಮನೋವಿಜ್ಞಾನಿ ಪೀಟರ್ ವಾಸನ್ 1960ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ 29 ಜನರ ಪೈಕಿ ಮೊದಲ ಸಲಕ್ಕೇ ಸರಿಯಾದ ನಿಯಮ ಹೇಳಿದವರು 6 ಮಂದಿ. ಇದು ದಡ್ಡತನವಲ್ಲ. ನಮ್ಮ ಊಹೆಗೆ ಹೊಂದುವ ಉದಾಹರಣೆಗಳನ್ನೇ ಆರಿಸುವುದು ಮನಸ್ಸಿಗೆ ರೂಢಿ.

ಆಗ ಉತ್ತರ ಬಾಯಿಬಿಟ್ಟರೆ ಆಟ ಕೆಟ್ಟಂತೆ. “ನಿನ್ನ ಊಹೆ ಸರಿಯಿದ್ದರೆ ನಾನು ‘ಇಲ್ಲ’ ಅನ್ನಲೇಬೇಕಾದ ಮೂರು ಸಂಖ್ಯೆ ಯಾವುವು?” ಎಂದು ಕೇಳಿ. ಮಗು 1, 2, 3 ಎನ್ನಬಹುದು. ಅದಕ್ಕೂ ‘ಹೌದು’ ಬಂದಾಗ ಊಹೆ ತಾನಾಗಿ ಕಳಚುತ್ತದೆ. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡು ಸುಮ್ಮನಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳಲ್ಲಿ ಗಮನಿಸಿದಂತೆ ಶಿಕ್ಷಕರು ಸುಮಾರು 1 ಸೆಕೆಂಡಷ್ಟೇ ಕಾಯುತ್ತಿದ್ದರು. 3 ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು.

ಇನ್ನೊಂದು ದಿನ ದಾರದ ತುದಿಗೆ ಬೀಗದ ಕೈ ಕಟ್ಟಿ ಲೋಲಕ ಮಾಡಿ. ಭಾರ ಹೆಚ್ಚಾದರೆ ಬೇಗ ತೂಗುತ್ತದೆ ಎಂದು ಅನೇಕ ಮಕ್ಕಳು ನಂಬುತ್ತಾರೆ. ಪರೀಕ್ಷಿಸಲು ಭಾರವೊಂದನ್ನೇ ಬದಲಿಸಬೇಕು. ಎರಡನೆಯ ಬೀಗದ ಕೈಯನ್ನು ಮೊದಲಿನದರ ಕೆಳಗೆ ಇಳಿಬಿಟ್ಟರೆ ಲೋಲಕದ ಉದ್ದವೂ ಹೆಚ್ಚಿ, ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳಲಾಗದು, ಪಕ್ಕದಲ್ಲೇ ಕಟ್ಟಿ. ಸ್ವಲ್ಪವೇ ಪಕ್ಕಕ್ಕೆಳೆದು ಬಿಟ್ಟು, ಹೋಗಿ ಬಂದದ್ದನ್ನು ಒಂದು ತೂಗಾಟವೆಂದು ಎಣಿಸಿ. ಬಿಡುವಾಗ ‘ಸೊನ್ನೆ’ ಎನ್ನಬೇಕು, ‘ಒಂದು’ ಎಂದರೆ ಒಂದು ತೂಗಾಟ ಕಮ್ಮಿ ಬೀಳುತ್ತದೆ. ಉದ್ದ 1 ಮೀಟರ್ ಇದ್ದರೆ 10 ತೂಗಾಟಕ್ಕೆ ಸುಮಾರು 20 ಸೆಕೆಂಡು, 25 ಸೆಂಟಿಮೀಟರ್‌ಗೆ ಸುಮಾರು 10. ಭಾರ ಇಮ್ಮಡಿಸಿದರೂ ಇವು ಹೆಚ್ಚುಕಡಿಮೆ ಅಷ್ಟೇ.

ನೆನೆಸಿದ್ದಕ್ಕೆ ವಿರುದ್ಧ ಬಂದರೆ ಮಗು “ಅಳತೆ ತಪ್ಪಿರಬೇಕು, ಇನ್ನೊಮ್ಮೆ ನೋಡೋಣ” ಎನ್ನುತ್ತದೆ. ಖಂಡಿತ ನೋಡಲಿ. ನೆನೆಸಿದಂತೆಯೇ ಬಂದ ದಿನವೂ ಅಷ್ಟೇ ಸಲ ಅಳೆಸಿ.